ಫಾರಂ ತುಂಬುವುದು ಗುಮಾಸ್ತಗಿರಿಯೇ?

ಹಾವೇರಿ ಜಿಲ್ಲೆಯಲ್ಲಿ ಸ್ವಯಂಸೇವಾ ಸಂಸ್ಥೆಯೊಂದರ ಸಮಾಜ ಕಾರ್ಯಕರ್ತರಾಗಿರುವ ಓದುಗರೊಬ್ಬರು ಬರೆದಿದ್ದಾರೆ: ‘ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ (ಎಂಎಸ್‌ಡಬ್ಲ್ಯೂ) ಓದುವಾಗ ಆಪ್ತಸಮಾಲೋಚನೆ ಕಲಿತೆವು. ಈಗ ಮಾಡುತ್ತಿರುವುದು ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದಂದು ಜಾಥಾ, ಬ್ಯಾನರು, ಭಾಷಣ. ಉಳಿದ ದಿನ ಮಾನಸಿಕ ಕಾಯಿಲೆಯವರಿಗೆ ಅಂಗವಿಕಲರ ಕಾರ್ಡಿನ ಅರ್ಜಿ ತುಂಬುವುದು. ಶಿಬಿರಕ್ಕೆ ಊರೇ ಬರುತ್ತದೆ, ಆಸ್ಪತ್ರೆಗೆ ಯಾರೂ ಹೋಗುವುದಿಲ್ಲ. ಇದೂ ಒಂದು ಸಮಾಜ ಕಾರ್ಯವೇ? ಮನೋವೈದ್ಯಕೀಯ ಸಮಾಜ ಕಾರ್ಯದಲ್ಲಿ ಎಂ.ಫಿಲ್. ಮಾಡಿಕೊಂಡರೆ ಈ ಗುಮಾಸ್ತಗಿರಿ ತಪ್ಪುತ್ತದೆಯೇ?’

ಜಾಥಾದ ಬಗ್ಗೆ ನಿಮ್ಮ ಬೇಸರ ನಮ್ಮದೂ ಹೌದು. ಫಾರಂ ವಿಷಯದಲ್ಲಿ ಮಾತ್ರ ನಿಮ್ಮ ಮಾತು ಒಪ್ಪಲಾರೆವು.

ಒಂದು ಕಾಲಕ್ಕೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರ ಜಾಗ ಆಸ್ಪತ್ರೆಯ ಒಳಗೇ ಇತ್ತು. ರೋಗಿಯ ಮನೆಯವರನ್ನು ಕೂರಿಸಿಕೊಂಡು ಕಾಯಿಲೆಯ ಪೂರ್ವಚರಿತ್ರೆ ಬರೆದುಕೊಳ್ಳುವುದು, ಬಿಡುಗಡೆಯ ಹೊತ್ತಿಗೆ ಬುದ್ಧಿವಾದ ಹೇಳಿ ಕಳಿಸುವುದು, ಹೆಚ್ಚು ಕಡಿಮೆ ಇಷ್ಟೇ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು ನೋಡಿತು. ಅದೇ ಮಾದರಿ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದ ಬೇರೆ ಜಿಲ್ಲೆಗಳಿಗೂ ಹೋಗತೊಡಗಿತು. ಚಿಕಿತ್ಸೆ ತಾಲೂಕಿಗೆ ಬಂತು ಎಂದರೆ ರೋಗಿ ಮನೆಯಲ್ಲೇ ಇದ್ದಾನೆ ಎಂದರ್ಥ. ಮಾತ್ರೆ, ಬಸ್ಸಿನ ಖರ್ಚು, ಮಾಸಾಶನ, ಕೂಲಿ ಎಲ್ಲವೂ ಅಲ್ಲಿಯ ಲೆಕ್ಕಕ್ಕೇ ಸೇರುತ್ತವೆ. ಹಾಗಾಗಿ ಆ ಅರ್ಜಿ ನಿಮ್ಮ ಮೇಜಿಗೆ ಬಂದಿದೆ.

ಆ ಅರ್ಜಿಯನ್ನು ಸ್ವಲ್ಪ ಬಿಡಿಸಿ ನೋಡೋಣ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಹೇಳುವ 21 ವಿಧಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಅದರ ಪ್ರಮಾಣ ಅಳೆಯಲು ‘ಐಡಿಯಾಸ್’ ಎಂಬ ಮಾಪಕವಿದೆ. ಸ್ವಂತ ಮೈಕೈ ನೋಡಿಕೊಳ್ಳುವುದು, ಜನರೊಡನೆ ಒಡನಾಟ, ಮಾತುಕತೆ ಮತ್ತು ತಿಳಿವಳಿಕೆ, ಕೆಲಸ, ಈ ನಾಲ್ಕಕ್ಕೆ ತಲಾ 0ಯಿಂದ 4 ಅಂಕ, ತೊಂದರೆ ಹೆಚ್ಚಿದಷ್ಟೂ ಅಂಕ ಹೆಚ್ಚು. ಜೊತೆಗೆ ಕಾಯಿಲೆಯ ಅವಧಿಗೂ ಅಂಕವಿದೆ: 2 ವರ್ಷದೊಳಗಿದ್ದರೆ 1, 5 ವರ್ಷದವರೆಗೆ 2, 10 ವರ್ಷದವರೆಗೆ 3, ಅದನ್ನೂ ದಾಟಿದರೆ 4. ಒಟ್ಟು 20ರಲ್ಲಿ 7 ಬಂದರೆ ಶೇ 40ರ ಗೆರೆ ಮುಟ್ಟಿದಂತೆ. ಹೆಚ್ಚಿನ ಸೌಲಭ್ಯಗಳು ಅಲ್ಲಿಂದಲೇ ಶುರು.

ಈಗ ಲೆಕ್ಕ ಹಾಕಿ. ಹನ್ನೆರಡು ವರ್ಷದಿಂದ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವವನಿಗೆ ಮೊದಲ ನಾಲ್ಕರಲ್ಲಿ 5 ಅಂಕ ಬಂತು ಎನ್ನಿ. ಹಳೆಯ ಒಪಿಡಿ ಚೀಟಿಗಳಿದ್ದರೆ 5ಕ್ಕೆ 4 ಸೇರಿ 9. ಚೀಟಿಗಳನ್ನೆಲ್ಲ ಕಳೆದುಕೊಂಡು ಹೋದ ವರ್ಷದ್ದೊಂದನ್ನೇ ತೋರಿಸಿದರೆ 5ಕ್ಕೆ 1 ಸೇರಿ 6, ಮನೆಗೆ ವಾಪಸ್. ಆದ್ದರಿಂದ ಪರೀಕ್ಷಿಸಿ ಅಂಕ ಕೊಡುವ ವೈದ್ಯಕೀಯ ಬೋರ್ಡಿನ ದಿನಕ್ಕೆ ತಿಂಗಳ ಮೊದಲೇ ಚೀಟಿ ಹುಡುಕಿಸಿ. ಮನೆಯಲ್ಲಿ ಸಿಗದಿದ್ದರೆ ಹಿಂದೆ ತೋರಿಸಿದ ಆಸ್ಪತ್ರೆಗೆ ಹೋಗಿ ದಾಖಲೆಯ ನಕಲು ಕೇಳಿ. ಚಿಕಿತ್ಸೆಯ ದಾಖಲೆ ಪಡೆಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಕೊಟ್ಟಿರುವ ಹಕ್ಕು.

ಇನ್ನೊಂದು ಕಡೆ ಎಡವುವುದು ತಾಯಂದಿರ ಮಾತಿನಲ್ಲಿ. ಮಗನಿಗೆ ಜಳಕ ಮಾಡಿಸಿ, ಇಸ್ತ್ರಿ ಅಂಗಿ ತೊಡಿಸಿ ಕರೆತಂದು, ಡಾಕ್ಟರು ಕೇಳಿದರೆ ‘ಎಲ್ಲಾ ತಾನ ಮಾಡ್ಕೋತಾನ್ರಿ’ ಅನ್ನುತ್ತಾರೆ. ಮಾನ ಉಳಿಸಿಕೊಳ್ಳುವ ಮಾತು ಅದು. ಆದರೆ ಅಂಕ ಅಲ್ಲೇ ಸೋರಿಹೋಗುತ್ತದೆ. ‘ನೀವು ಹೇಳದೆ ಬಿಟ್ಟರೆ ಎಷ್ಟು ದಿನ ಜಳಕ ಮಾಡದೆ ಇರ್ತಾನೆ? ಕಿರಾಣಿ ಅಂಗಡಿಗೆ ಕಳಿಸಿದರೆ ಚಿಲ್ಲರೆ ಸರಿಯಾಗಿ ತರ್ತಾನಾ? ಮನೆಗೆ ಬೀಗರು ಬಂದರೆ ಎಲ್ಲಿರ್ತಾನೆ?’ ಎಂದು ಕೇಳಿ, ಉತ್ತರವನ್ನು ಅವರದೇ ಮಾತಿನಲ್ಲಿ ಒಂದು ಹಾಳೆಯಲ್ಲಿ ಬರೆದು ಕೊಡಿ. ಇದ್ದುದನ್ನು ಹೆಚ್ಚಿಸಿ ಹೇಳಿಸುವುದು ಬೇಡ, ಮುಚ್ಚಿಡದಿದ್ದರೆ ಸಾಕು. ನಾಚಿಕೆಯನ್ನು ದಾಟಿಸಿ ಇಷ್ಟು ಹೇಳಿಸಬೇಕಾದರೆ ಕನಿಷ್ಠ ಎರಡು ಸಲ ಮನೆಗೆ ಹೋಗಬೇಕಾಗುತ್ತದೆ. ನೀವು ಕಲಿತ ಆಪ್ತಸಮಾಲೋಚನೆ ಬೇರೆ ಎಲ್ಲಿ ಬೇಕಾದೀತು?

ಅಂದಹಾಗೆ, ನಿರಾಮಯ ಆರೋಗ್ಯ ವಿಮೆ ಮತ್ತು ರಾಷ್ಟ್ರೀಯ ನ್ಯಾಸ ಕಾಯ್ದೆಯ ಪೋಷಕತ್ವ ಸ್ಕಿಜೋಫ್ರೇನಿಯಾದವರಿಗೆ ಅನ್ವಯಿಸುವುದಿಲ್ಲ. ಅವು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ. ಇದು ತಿಳಿಯದೆ ಜನ ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ.

ಶಿಬಿರದ ಮಾತಿಗೆ ಬರೋಣ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ಶೇ 70ರಿಂದ 92. ಇವರಲ್ಲಿ ಎಷ್ಟೋ ಮಂದಿ ನಿಮ್ಮ ಭಾಷಣ ಕೇಳಿಯೂ ‘ಇದು ನನಗಲ್ಲ’ ಎಂದುಕೊಂಡು ಎದ್ದು ಹೋಗುತ್ತಾರೆ. ‘ಖಿನ್ನತೆ’ ಎಂಬ ಹೆಸರಿನಿಂದ ಶುರುಮಾಡಿದರೆ ಆಗುವುದು ಹೀಗೇ. ನಿದ್ದೆ ಇಲ್ಲ, ಎದೆ ಡವಡವ, ಮೈಯೆಲ್ಲ ಉರಿ, ಕೆಲಸಕ್ಕೆ ಕೈ ಏಳುವುದಿಲ್ಲ ಎಂಬಲ್ಲಿಂದ ಶುರುಮಾಡಿ. ಸ್ವಸಹಾಯ ಸಂಘದ ಸಭೆಯಲ್ಲಿ ಹತ್ತು ಹೆಂಗಸರ ಜೊತೆ ಕೂತರೆ ಜಾಥಾಕ್ಕಿಂತ ಹೆಚ್ಚು ಕೆಲಸವಾಗುತ್ತದೆ. ಸಾಯುವ ಯೋಚನೆ ಬರುತ್ತದೆಯೇ ಎಂದು ಒಬ್ಬೊಬ್ಬರನ್ನೇ ಕರೆದು ನೇರವಾಗಿ ಕೇಳಬಹುದು. ಕೇಳಿದ್ದರಿಂದಲೇ ಆ ಯೋಚನೆ ಹುಟ್ಟುವುದಿಲ್ಲ. ‘ಹೌದು’ ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಕ್ರಿಮಿನಾಶಕದ ಡಬ್ಬಿ ಅಂದೇ ಬೇರೆ ಕಡೆ ಹೋಗಲಿ, ಅಂದೇ ವೈದ್ಯರಿಗೆ ತೋರಿಸಿ. ದಾರಿ ತೋಚದ ರಾತ್ರಿಗೆ 14416, ಸರ್ಕಾರದ ಟೆಲಿ ಮನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಪೊಲೀಸ್ ಕೇಸಿನ ಭಯ ಇನ್ನೂ ಇದೆ. ಆದರೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು ಎಂದು 2017ರ ಕಾಯ್ದೆಯ 115ನೇ ಕಲಂ ಹೇಳುತ್ತದೆ. ಆತ್ಮಹತ್ಯೆ ಯತ್ನವನ್ನು ಅಪರಾಧ ಎನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ ಹಳೆಯ 309ನೇ ಕಲಂ ಕೂಡ 2024ರ ಜುಲೈ 1ರಿಂದ ಇಲ್ಲ.

ಶಿಬಿರದಲ್ಲಿ ಕುಡುಕರಿಗೆ ದೇವರ ಮುಂದೆ ಆಣೆ ಮಾಡಿಸುವ ಪದ್ಧತಿ ಇದ್ದರೆ ದಯವಿಟ್ಟು ನಿಲ್ಲಿಸಿ. ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ಬಿಟ್ಟರೆ ಮೊದಲ ದಿನವೇ ಕೈನಡುಕ, ಬೆವರು, ಕೆಲವರಿಗೆ ಫಿಟ್ಸ್. ಎರಡು, ಮೂರನೇ ದಿನ ಎಚ್ಚರ ತಪ್ಪಿದಂತೆ ಬಡಬಡಿಸುವುದು. ಇದು ಪ್ರಾಣಕ್ಕೇ ಬರಬಹುದು. ಮನೆಯವರು ‘ದೆವ್ವ ಹಿಡಿದಿದೆ’ ಎಂದು ಇನ್ನೆಲ್ಲಿಗೋ ಕರೆದೊಯ್ಯುತ್ತಾರೆ. ಮೊದಲು ವೈದ್ಯರು, ಆಮೇಲೆ ಆಣೆ.

ಶಿಬಿರದ ದಿನ ಮಾಡಬೇಕಾದ ಮುಖ್ಯ ಕೆಲಸವೆಂದರೆ ಮುಂದಿನ ಮಂಗಳವಾರಕ್ಕೆ ಹೆಸರು ಬರೆದುಕೊಳ್ಳುವುದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವುದು ಮಂಗಳವಾರ. ಯಾರ ಜೊತೆ, ಯಾವ ಬಸ್ಸಿಗೆ ಎಂಬುದೂ ಅಲ್ಲೇ ನಿಗದಿಯಾಗಲಿ. ಒಂದು ನೂರು ಪುಟದ ನೋಟ್‌ಬುಕ್ ಸಾಕು: ಹೆಸರು, ಮಾತ್ರೆ ಎಷ್ಟು ದಿನಕ್ಕೆ ಕೊಟ್ಟಿದ್ದಾರೆ, ಮುಗಿಯುವ ತಾರೀಕು, ಫೋನ್ ಮಾಡಿದ ತಾರೀಕು. 30 ದಿನದ ಮಾತ್ರೆಯಾದರೆ 25ನೇ ದಿನ ಫೋನ್ ಮಾಡಿ. ಆಶಾ ಕಾರ್ಯಕರ್ತೆ, ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ), ಇಬ್ಬರ ಬಳಿಯೂ ಅದೇ ಪಟ್ಟಿ ಇರಲಿ, ಮನೆಯವರ ಒಪ್ಪಿಗೆ ಪಡೆದು.

ರೋಗಿಗಳು ಮಾತ್ರೆ ನಿಲ್ಲಿಸಿಬಿಡುವುದು ಮೂರು ಸಂದರ್ಭಗಳಲ್ಲಿ. ಖಿನ್ನತೆಯ ಮಾತ್ರೆಯಲ್ಲಿ ಮೊದಲ ವಾರ ವಾಕರಿಕೆ ಬರುತ್ತದೆ, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಈ ನಡುವಿನ ದಿನಗಳಲ್ಲಿ ಕೆಲವರು ಬಿಡುತ್ತಾರೆ. ಮೊದಲೇ ಹೇಳಿಟ್ಟರೆ ತಡೆದುಕೊಳ್ಳುತ್ತಾರೆ. ಇನ್ನು ಕೆಲವರು ಎರಡು ತಿಂಗಳಿಗೆ ‘ಈಗ ಆರಾಮ ಐತಿ’ ಎಂದು ಬಿಡುತ್ತಾರೆ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ನುಂಗಬೇಕೆಂಬುದು ಅವರಿಗೆ ಯಾರೂ ಹೇಳಿರುವುದಿಲ್ಲ. ಮೂರನೆಯದು ಸೈಕೋಸಿಸ್ (ಭ್ರಮೆ, ಇಲ್ಲದ ದನಿ ಕೇಳುವಂಥ ಕಾಯಿಲೆ) ಮಾತ್ರೆಯಿಂದ ಮೈ ಸೆಟೆದು, ಕೈ ನಡುಗಿದಾಗ. ಮನೆಯವರು ಕಾಯಿಲೆಯೇ ಹೆಚ್ಚಾಯಿತು ಎಂದು ಹೆದರುತ್ತಾರೆ. ಡೋಸ್ ಬದಲಿಸಿದರೆ ಅಥವಾ ಇನ್ನೊಂದು ಮಾತ್ರೆ ಸೇರಿಸಿದರೆ ಸರಿಹೋಗುವಂಥದ್ದು ಅದು. ಬದಲಿಸುವುದು ಮಾತ್ರ ವೈದ್ಯರೇ, ನೀವಲ್ಲ. ಹರಕೆ, ತಾಯತದ ಜೊತೆ ಜಗಳಕ್ಕೆ ಇಳಿಯಬೇಡಿ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಪ್ರಾರ್ಥನೆಯ ಪಕ್ಕದಲ್ಲೇ ಮನೋವೈದ್ಯರ ಕ್ಲಿನಿಕ್ ನಡೆಸಿದ್ದಾರೆ. ಸರಪಳಿ ಹಾಕಿದ್ದು ಕಂಡರೆ ಮಾತ್ರ ಸುಮ್ಮನಿರುವಂತಿಲ್ಲ, ಅದು ಕಾನೂನಿಗೆ ವಿರುದ್ಧ.

ಸಂಸ್ಥೆಯ ವಾಟ್ಸ್ಆ್ಯಪ್ ಗುಂಪಿಗೆ, ಪತ್ರಿಕೆಗೆ ಶಿಬಿರದ ಫೋಟೊ ಹಾಕುವ ಚಟ ಎಲ್ಲ ಕಡೆ ಇದೆ. ಚಿಕಿತ್ಸೆಯಲ್ಲಿರುವವರ ಫೋಟೊವನ್ನು ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಡೋನರ್‌ಗೆ ಫೋಟೊ ಬೇಕೇಬೇಕೆಂದರೆ ಬ್ಯಾನರಿನದ್ದು ಕಳಿಸಿ, ಅದಕ್ಕಾದರೂ ಉಪಯೋಗವಾಗಲಿ.

ಕೊನೆಗೆ ಎಂ.ಫಿಲ್. 2017ರ ಕಾಯ್ದೆಯ ಪ್ರಕಾರ ‘ಮನೋವೈದ್ಯಕೀಯ ಸಮಾಜ ಕಾರ್ಯಕರ್ತ’ ಎಂದು ಕರೆಸಿಕೊಳ್ಳಲು ಸಮಾಜ ಕಾರ್ಯದ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷದ ಆ ಎಂ.ಫಿಲ್. ಬೇಕು. ಬರೀ ಎಂಎಸ್‌ಡಬ್ಲ್ಯೂ ಇಟ್ಟುಕೊಂಡು ಆ ಹೆಸರಿನ ನಾಮಫಲಕ ಬರೆಸಬೇಡಿ. ಆಸ್ಪತ್ರೆಯ ಹುದ್ದೆ ಬೇಕಿದ್ದರೆ ಓದಿ, ಆದರೆ ಅಲ್ಲೂ ಐಡಿಯಾಸ್ ಫಾರಂ ಇರುತ್ತದೆ. ಯುಜಿಸಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟು, ಈ ವಿಷಯಕ್ಕೂ ಕ್ಲಿನಿಕಲ್ ಸೈಕಾಲಜಿಗೂ ಮಾತ್ರ 2025–26ರವರೆಗೆ ವಿನಾಯಿತಿ ಕೊಟ್ಟಿತ್ತು. ಆದ್ದರಿಂದ ಅರ್ಜಿ ಹಾಕುವ ಮೊದಲು ನಿಮ್ಹಾನ್ಸ್‌ಗೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ಫೋನ್ ಮಾಡಿ, ಈ ವರ್ಷ ಯಾವ ಹೆಸರಿನ ಕೋರ್ಸಿಗೆ ಪ್ರವೇಶ ಎಂದು ಕೇಳಿಕೊಳ್ಳಿ.