ಸತುವಿನ ಮೇಲೆ ಗೀರು ಬಿದ್ದರೂ ಕಬ್ಬಿಣಕ್ಕೆ ಯಾಕೆ ತುಕ್ಕು ಹಿಡಿಯಲ್ಲ?

ಉತ್ಕರ್ಷಣ, ಅಪಕರ್ಷಣ ಎರಡೂ ಬಾಯಿಪಾಠ ಆಗಿದೆ, ಆದರೆ ಸತು ಲೇಪನ ಗೀಚಿ ಹೋದರೂ ಒಳಗಿನ ಕಬ್ಬಿಣ ಹೇಗೆ ಉಳಿಯುತ್ತದೆ ಅನ್ನೋದು ತಿಳಿಯುತ್ತಿಲ್ಲ ಅಂತ ಕೇಳಿದ್ದೀರಿ. ‘ಆಕ್ಸಿಜನ್ ಸೇರಿದರೆ ಉತ್ಕರ್ಷಣ’ ಅನ್ನುವ ಸಾಲು ಹಿಡಿದು ಕೂತರೆ ಇದಕ್ಕೆ ಉತ್ತರ ಸಿಗಲ್ಲ. ಎಲೆಕ್ಟ್ರಾನ್ ಯಾರು ಬಿಟ್ಟರು, ಯಾರು ತಗೊಂಡರು ಅಂತ ನೋಡಿ. ಬಿಡುವುದು ಉತ್ಕರ್ಷಣ, ತಗೊಳ್ಳುವುದು ಅಪಕರ್ಷಣ. ಒಂದು ಬಿಟ್ಟರೆ ಇನ್ನೊಂದು ತಗೊಳ್ಳಲೇಬೇಕು, ಅದಕ್ಕೇ ಎರಡೂ ಜೊತೆಯಲ್ಲೇ ನಡೆಯುತ್ತವೆ.

ಅಡಿಕೆ ತೋಟ ಇರುವ ಊರಿನವರಾದರೆ ಇದನ್ನು ನೀವು ಕಣ್ಣಾರೆ ನೋಡಿರುತ್ತೀರಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುತ್ತಾರಲ್ಲ, 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಹದ ನೋಡಲು ತಿಕ್ಕಿ ಹೊಳಪು ಬರಿಸಿದ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದುತ್ತಾರೆ. ಅಲಗಿನ ಮೇಲೆ ಕೆಂಪು ಪದರ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಆ ಕೆಂಪು ಅಪ್ಪಟ ತಾಮ್ರ! ಮೈಲುತುತ್ತು ಅಂದರೆ ಕಾಪರ್ ಸಲ್ಫೇಟ್. ಕತ್ತಿಯ ಕಬ್ಬಿಣ ಎರಡು ಎಲೆಕ್ಟ್ರಾನ್ ಬಿಟ್ಟು ನೀರಿಗಿಳಿಯಿತು, ನೀರಿನಲ್ಲಿದ್ದ ತಾಮ್ರದ ಅಯಾನು (ಎಲೆಕ್ಟ್ರಾನ್ ಕಳೆದುಕೊಂಡಿರುವ ತಾಮ್ರದ ಕಣ) ಅವನ್ನು ತಗೊಂಡು ಲೋಹವಾಗಿ ಅಂಟಿಕೊಂಡಿತು. ಇಲ್ಲಿ ಆಕ್ಸಿಜನ್ ಸೇರುವ ಮಾತೇ ಇಲ್ಲ, ಆದರೂ ಕಬ್ಬಿಣದ ಉತ್ಕರ್ಷಣ ಆಯಿತು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಎಲೆಕ್ಟ್ರಾನ್ ಬಿಡುವ ಆತುರ ಸತುವಿಗೆ ಜಾಸ್ತಿ, ಆಮೇಲೆ ಕಬ್ಬಿಣ, ತವರ, ಕೊನೆಗೆ ತಾಮ್ರ. ಪಿಯುಸಿಯಲ್ಲಿ ಇದನ್ನೇ ಅಂಕಿಯಲ್ಲಿ ನೋಡುತ್ತೀರಿ, ಅಂಕಿ ಎಷ್ಟು ಕೆಳಗೋ ಬಿಡುವ ಆತುರ ಅಷ್ಟು ಜಾಸ್ತಿ: ಸತು −0.76 ವೋಲ್ಟ್, ಕಬ್ಬಿಣ −0.44, ತವರ −0.14, ತಾಮ್ರ +0.34. ಜಿ.ಐ. ಶೀಟಿನ (ಸತು ಲೇಪಿಸಿದ ಕಬ್ಬಿಣದ ತಗಡಿನ) ಗೀರಿನಲ್ಲಿ ನೀರು ನಿಂತಾಗ ಅದು ಸತುವನ್ನೂ ಮುಟ್ಟುತ್ತದೆ, ಕಬ್ಬಿಣವನ್ನೂ ಮುಟ್ಟುತ್ತದೆ. ಸತು ಮೊದಲು ಕರಗುತ್ತದೆ. ಅದು ಬಿಟ್ಟ ಎಲೆಕ್ಟ್ರಾನ್ ಕಬ್ಬಿಣಕ್ಕೆ ಹರಿದು, ಅಲ್ಲಿ ನೀರಿನಲ್ಲಿರುವ ಆಕ್ಸಿಜನ್‌ಗೆ ಸಿಗುತ್ತದೆ. ಕಬ್ಬಿಣ ತನ್ನದನ್ನು ಬಿಡಬೇಕಾಗಿಲ್ಲ. ಗೀರು ತುಂಬ ಅಗಲವಾದರೆ, ಅಥವಾ ಸತು ಪೂರ್ತಿ ಸವೆದರೆ ತುಕ್ಕು ಶುರು.

ತವರ ಬಳಿದ ಡಬ್ಬಿಯಲ್ಲಿ ಇದು ಉಲ್ಟಾ. ಗೀರು ಬಿತ್ತೋ, ತವರಕ್ಕಿಂತ ಮೊದಲು ಕಬ್ಬಿಣವೇ ಎಲೆಕ್ಟ್ರಾನ್ ಬಿಡುತ್ತದೆ, ತುಕ್ಕು ಬೇಗ ಹಿಡಿಯುತ್ತದೆ. ಆದರೂ ತಿನ್ನುವ ಪದಾರ್ಥದ ಡಬ್ಬಿಗೆ ತವರವೇ ಬೇಕು, ಹುಳಿಗೆ ಸತು ಸುಲಭವಾಗಿ ಕರಗಿಬಿಡುತ್ತದೆ. ಬಣ್ಣ, ಗ್ರೀಸು ಸುಮ್ನೆ ಗಾಳಿ-ನೀರು ತಡೆಯುತ್ತವೆ, ಅಷ್ಟೇ. ಪರೀಕ್ಷೆಯಲ್ಲಿ ಸತುವಿನ ಬಗ್ಗೆಯೂ ಅಷ್ಟನ್ನೇ ಬರೆದರೆ ಅರ್ಧ ಉತ್ತರ.

ಈ ಉಪಾಯ ಹಳೆಯದು. 1824ರಲ್ಲಿ ಇಂಗ್ಲೆಂಡಿನ ರಸಾಯನವಿಜ್ಞಾನಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆ ಉಳಿಸಲು ಸತು, ಕಬ್ಬಿಣದ ತುಂಡು ಜೋಡಿಸಲು ಹೇಳಿದ. ತಾಮ್ರ ಸವೆಯುವುದು ನಿಂತಿತು. ಆದರೆ ಕರಗುವ ತಾಮ್ರವೇ ಚಿಪ್ಪುಜೀವಿಗಳನ್ನು ದೂರ ಇಟ್ಟಿತ್ತು, ಅವು ಬಂದು ಮೆತ್ತಿಕೊಂಡು ಹಡಗು ನಿಧಾನವಾಯಿತು. ಉಕ್ಕು ಹೇಗೂ ಚಿಪ್ಪುಜೀವಿಗಳನ್ನು ದೂರ ಇಡಲ್ಲ, ಹಾಗಾಗಿ ಉಕ್ಕಿನ ಹಡಗಿಗೆ ಇದರಿಂದ ಆ ನಷ್ಟವಿಲ್ಲ, ಇವತ್ತಿಗೂ ತಳಕ್ಕೆ ಸತುವಿನ ಗಟ್ಟಿ ಕೂರಿಸಿ, ಸವೆದಾಗ ಬದಲಿಸುತ್ತಾರೆ.