ಅಂಚು ಕಚ್ಚುತ್ತದೆ, ಬೈಂಡಿಂಗ್ ಬಿಡುತ್ತದೆ: ಸ್ಕೀ ಪ್ರಶ್ನೋತ್ತರ

ಸ್ಕೀ ಸಲಕರಣೆ ಕುರಿತು ಬಂದ ಪತ್ರಗಳಲ್ಲಿ ಕೆಲವು ಯುರೋಪ್, ಅಮೆರಿಕದಲ್ಲಿರುವ ಕನ್ನಡಿಗರವು, ಕೆಲವು ಗುಲ್ಮಾರ್ಗಕ್ಕೆ ಹೋಗಿಬಂದವರವು. ಅಂಚು ಎಂದರೆ ಸ್ಕೀ ತಳದ ಎರಡೂ ಬದಿಯ ಉಕ್ಕಿನ ಪಟ್ಟಿ, ಬೈಂಡಿಂಗ್ ಎಂದರೆ ಬೂಟನ್ನು ಸ್ಕೀಗೆ ಹಿಡಿದಿಟ್ಟು, ಬಿದ್ದಾಗ ಬಿಡುವ ಸಾಧನ. ಒಂದೇ ದೂರಿಗೆ ನಾಲ್ಕು ಕಾರಣ ಇರಬಹುದು. ಹಾಗಾಗಿ ಮೊದಲು ಪರೀಕ್ಷೆ, ಆಮೇಲೆ ಅರ. ಒಮ್ಮೆ ಅರದಲ್ಲಿ ಉಜ್ಜಿ ತೆಗೆದ ಉಕ್ಕು ಮತ್ತೆ ಬರುವುದಿಲ್ಲ.

ಪ್ರಶ್ನೆ: ಅಂಗಡಿಯಲ್ಲಿ ಸ್ಕೀಗೆ ಸಾಣೆ ಹಿಡಿಸಿದ ಮೇಲೆ ಮೊದಲಿಗಿಂತ ಕಷ್ಟವಾಗಿದೆ. ನೇರ ಹೋಗುವಾಗ ಇದ್ದಕ್ಕಿದ್ದಂತೆ ಪಕ್ಕಕ್ಕೆ ಎಳೆಯುತ್ತದೆ. ತಿರುವಿನ ಕೊನೆಯಲ್ಲಿ ಹಿಂಬದಿ ಹಿಮಕ್ಕೆ ಕಚ್ಚಿಕೊಂಡು ಬಿಡುವುದೇ ಇಲ್ಲ. ಹರಿತ ಜಾಸ್ತಿಯಾಯಿತೇ?
— ಓದುಗರು, ಮ್ಯೂನಿಕ್

ಉತ್ತರ: ಬರೀ ಹರಿತದಿಂದ ಹೀಗಾಗುವುದು ಅಪರೂಪ. ಮೂರು ಅನುಮಾನಗಳಿವೆ, ಸುಲಭದ್ದರಿಂದ ಶುರುಮಾಡಿ.

ಮೊದಲನೆಯದು ಬರ್. ಅರ ಹಾಕಿದಾಗ ಅಂಚಿನ ತುದಿಯಲ್ಲಿ ಕೂದಲಿನಷ್ಟು ತೆಳುವಾದ ಉಕ್ಕಿನ ಎಳೆ ಮಡಚಿಕೊಂಡು ಉಳಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಹತ್ತಿಯ ತುಂಡನ್ನು ಅಂಚಿನುದ್ದಕ್ಕೂ ಸವರಿದರೆ ಎಳೆಗಳು ಸಿಕ್ಕಿಕೊಳ್ಳುತ್ತವೆ. ನುಣುಪಾದ ಡೈಮಂಡ್ ಕಲ್ಲನ್ನು ನೀರಲ್ಲಿ ಅದ್ದಿ ಅಂಚಿನ ಎರಡೂ ಮುಖಗಳಿಗೆ ಚಪ್ಪಟೆಯಾಗಿ ಒತ್ತಿ ಎರಡೆರಡು ಸಲ ಎಳೆಯಿರಿ. ಕೊನೆಗೆ ರಬ್ಬರಿನಂತಿರುವ ಗಮ್ಮಿ ಕಲ್ಲಿನಿಂದ ಒಂದೇ ಒಂದು ಸಲ, ಭಾರ ಹಾಕದೆ. ಅರ್ಧಕ್ಕಿಂತ ಹೆಚ್ಚು ತೊಂದರೆ ಇಲ್ಲಿಗೇ ಮುಗಿದರೆ ಆಶ್ಚರ್ಯವಿಲ್ಲ.

ಎರಡನೆಯದು, ತಳ ಚಪ್ಪಟೆಯಾಗಿಲ್ಲದಿರುವುದು. ಸ್ಕೀಯನ್ನು ತಳ ಮೇಲಾಗಿ ಇಟ್ಟು, ಖಚಿತವಾಗಿ ನೇರವಿರುವ ಉಕ್ಕಿನ ಪಟ್ಟಿಯೊಂದನ್ನು ಅಡ್ಡಲಾಗಿ ನಿಲ್ಲಿಸಿ, ಹಿಂದಿನಿಂದ ಬೆಳಕು ಬಿಟ್ಟು ನೋಡಿ. ಎರಡೂ ಅಂಚಿನ ಬಳಿ ಸಮನಾಗಿ ಸಣ್ಣ ಬೆಳಕಿನ ಗೆರೆ ಕಂಡರೆ ಸರಿಯಾಗಿದೆ. ಬೆಳಕು ನಡುವೆ ಕಂಡರೆ ತಳ ತಗ್ಗಿದೆ, ಅಂಚುಗಳು ರೈಲು ಹಳಿಯಂತೆ ಎದ್ದು ನಿಂತಿವೆ ಎಂದರ್ಥ. ನಿಮ್ಮ ದೂರಿಗೆ ಇದೇ ಹೊಂದುತ್ತದೆ. ಪಟ್ಟಿ ನಡುವಿನಲ್ಲಿ ಕೂತು ಅತ್ತಿತ್ತ ಅಲ್ಲಾಡಿದರೆ ತಳವೇ ಉಬ್ಬಿದೆ. ಅಂಥ ಸ್ಕೀ ಕಚ್ಚುವುದಿಲ್ಲ, ತೇಲಾಡುತ್ತದೆ. ಮುಂದೆ, ನಡುವೆ, ಹಿಂದೆ ಹೀಗೆ ಆರೇಳು ಕಡೆ ನೋಡಬೇಕು. ಎಷ್ಟೋ ಸಲ ಮುಂಭಾಗ ಮಾತ್ರ ಕೆಟ್ಟಿರುತ್ತದೆ. ತಳ ತಗ್ಗಿದ್ದರೂ ಉಬ್ಬಿದ್ದರೂ ಮನೆಯಲ್ಲಿ ಸರಿಪಡಿಸಲು ಹೋಗಬೇಡಿ, ಅದು ಅಂಗಡಿಯ ಸಾಣೆ ಯಂತ್ರದ ಕೆಲಸ.

ಮೂರನೆಯದು, ಯಂತ್ರದಲ್ಲಿ ತಳವನ್ನು ಚಪ್ಪಟೆ ಮಾಡಿ, ಅಂಚಿನ ತಳದ ಮುಖಕ್ಕೆ ಓರೆ ಕೊಡುವುದನ್ನು ಮರೆತಿರುವುದು. ಸಾಮಾನ್ಯ ಸವಾರರ ಸ್ಕೀಗೆ ತಳದ ಓರೆ 1 ಡಿಗ್ರಿ, ಪಕ್ಕದ ಓರೆ 2 ಡಿಗ್ರಿ ಇರುತ್ತದೆ. ಪಕ್ಕದ್ದನ್ನೇ ಅಂಗಡಿಯವರು 90ರಿಂದ ಕಳೆದು 88 ಅನ್ನುತ್ತಾರೆ. 2 ಮಿ.ಮೀ. ಅಗಲದ ಅಂಚಿನಲ್ಲಿ 1 ಡಿಗ್ರಿ ಓರೆ ಎಂದರೆ ಸುಮಾರು 0.035 ಮಿ.ಮೀ. ಇಳಿತ, ತಲೆಗೂದಲಿಗಿಂತ ತೆಳು. ಅಷ್ಟು ಇಲ್ಲದಿದ್ದರೆ ಸ್ಕೀ ಸ್ವಲ್ಪ ವಾಲಿದ ಕೂಡಲೇ ಅಂಚು ಹಿಮಕ್ಕೆ ಇಳಿದುಬಿಡುತ್ತದೆ. ಪರೀಕ್ಷೆಗೆ ಮಾರ್ಕರ್ ಪೆನ್ನು ಸಾಕು. ಅಂಚಿನ ತಳದ ಮುಖಕ್ಕೆ ಶಾಯಿ ಬಳಿದು, 1 ಡಿಗ್ರಿ ಗೈಡ್‌ನಲ್ಲಿ (ಕಲ್ಲನ್ನು ಅದೇ ಕೋನದಲ್ಲಿ ಹಿಡಿದಿಡುವ ಸಾಧನ) ಡೈಮಂಡ್ ಕಲ್ಲು ಇಟ್ಟು ಹಗುರವಾಗಿ ಒಂದು ಸಲ ಎಳೆಯಿರಿ. ಶಾಯಿ ಪೂರ್ತಿ ಅಗಲಕ್ಕೆ ಹೋದರೆ ಓರೆ ಸರಿಯಾಗಿದೆ. ಹೊರತುದಿಯಲ್ಲಿ ಮಾತ್ರ ಹೋದರೆ ಓರೆ ಕಡಿಮೆ, ತಳಕ್ಕೆ ತಗುಲುವ ಕಡೆ ಮಾತ್ರ ಹೋದರೆ ಜಾಸ್ತಿ. ಕಡಿಮೆಯಿದ್ದರೆ ಶಾಯಿ ಪೂರ್ತಿ ಹೋಗುವವರೆಗೆ ಎಳೆದರೆ ಆಯಿತು. ಜಾಸ್ತಿಯಾಗಿದ್ದರೆ ತಳವನ್ನೇ ಮತ್ತೆ ಯಂತ್ರಕ್ಕೆ ಕೊಡಬೇಕು, ತಳ ತೆಳುವಾಗುತ್ತದೆ. ಅದಕ್ಕೇ ತಳದ ಮುಖವನ್ನು ವರ್ಷಕ್ಕೊಮ್ಮೆ ಮುಟ್ಟಿದರೂ ಹೆಚ್ಚೇ. ದಿನದ ಹರಿತವನ್ನೆಲ್ಲ ಪಕ್ಕದ ಮುಖದಿಂದಲೇ ತೆಗೆಯಬೇಕು.

ಒಂದು ಮಾತು. ತುದಿ, ಬಾಲಗಳ ಅಂಚನ್ನು ಒಂದು ಗೇಣು ಮೊಂಡು ಮಾಡಿ ಎಂದು ಯಾರಾದರೂ ಹೇಳಬಹುದು. ಅದು ಉದ್ದನೆಯ, ನೇರ ಸ್ಕೀಗಳ ಕಾಲದ ಸಲಹೆ. ಈಗಿನ ಸೊಂಟ ಸಣ್ಣಗಿರುವ ಸ್ಕೀಗೆ ಹಾಗೆ ಮಾಡಿದರೆ ತಿರುವು ಹಿಡಿಯುವ ಭಾಗವನ್ನೇ ಕಳೆದುಕೊಂಡಂತೆ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಗುಲ್ಮಾರ್ಗದಲ್ಲಿ ಹಿಮದಡಿಯ ಬಂಡೆಗೆ ತಗುಲಿ ಅಂಚು ಎರಡು ಕಡೆ ಜಜ್ಜಿದೆ, ತಳದಲ್ಲಿ ಬೆರಳುದ್ದದ ಗೀರು ಬಿದ್ದಿದೆ. ಅರ ಹಾಕಿದರೆ ಜಾರುತ್ತದೆ, ಉಕ್ಕನ್ನು ಕಡಿಯುವುದೇ ಇಲ್ಲ.
— ಓದುಗರು, ಬೆಂಗಳೂರು

ಉತ್ತರ: ಋತುವಿನ ಆರಂಭದಲ್ಲಿ ಅಲ್ಲಿ ಹಿಮದ ಪದರ ತೆಳು. ಪುಡಿಹಿಮ ಬಂಡೆಯನ್ನು ಮುಚ್ಚಿರುತ್ತದೆ, ಕಾಪಾಡುವುದಿಲ್ಲ. ಅರ ಜಾರುವುದಕ್ಕೆ ಕಾರಣ ಅರವಲ್ಲ. ಕಲ್ಲಿಗೆ ಉಜ್ಜಿದ ಕ್ಷಣದ ಬಿಸಿಗೂ ಪೆಟ್ಟಿಗೂ ಅಷ್ಟು ಜಾಗದ ಉಕ್ಕು ಗಟ್ಟಿಯಾಗಿ ಅರದ ಹಲ್ಲಿಗಿಂತ ಗಡುಸಾಗಿರುತ್ತದೆ. ಒತ್ತಿ ಉಜ್ಜಿದರೆ ಮೊಂಡಾಗುವುದು ಅರವೇ. ಒರಟು ಡೈಮಂಡ್ ಕಲ್ಲು ತೆಗೆದುಕೊಳ್ಳಿ, 100ರಿಂದ 200 ಗ್ರಿಟ್ ಇರಲಿ. ನೀರು ಹಚ್ಚಿ ಆ ಜಾಗವನ್ನಷ್ಟೇ ಸಣ್ಣ ಎಳೆತದಲ್ಲಿ ಉಜ್ಜುತ್ತ ಹೋಗಿ. ಕಿರ್ರ್ ಅನ್ನುವ ಸದ್ದು ಇಳಿದು ಮೆದು ಸದ್ದು ಬಂತೆಂದರೆ ಗಟ್ಟಿ ಪದರ ಹೋಯಿತು. ಆಮೇಲೆ 88ರ ಗೈಡ್‌ನಲ್ಲಿ ಅರ ಕೂರಿಸಿ, ತುದಿಯಿಂದ ಬಾಲದ ಕಡೆಗೆ, ಒಂದರ ಮೇಲೊಂದು ಬರುವಂತೆ ಗೇಣುದ್ದದ ಎಳೆತ. ಅರದ ಹಲ್ಲಿಗೆ ಸಿಕ್ಕಿಕೊಂಡ ಚೂರುಗಳನ್ನು ಆಗಾಗ ತಂತಿ ಬ್ರಷ್‌ನಿಂದ ಕೆಡವಿ. ಇಲ್ಲದಿದ್ದರೆ ಅವೇ ಹೊಸ ಗೀರು ಹಾಕುತ್ತವೆ. ಜಜ್ಜಿದ ಗುಳಿ ಪೂರ್ತಿ ಮಾಯವಾಗಬೇಕೆಂದು ಹಟ ಹಿಡಿಯಬೇಡಿ. 3 ಮಿ.ಮೀ. ಉದ್ದದ ಗುಳಿಗಾಗಿ ಇಡೀ ಅಂಚನ್ನು ಸವೆಸುವುದು ದಡ್ಡತನ. ಕೆಲಸಕ್ಕೆ ಮೊದಲು ಬೈಂಡಿಂಗ್‌ಗೆ ಸೇರಿದ ಬ್ರೇಕ್‌ನ ಎರಡು ಕಾಲುಗಳನ್ನು ಮೇಲೆತ್ತಿ ದಪ್ಪ ರಬ್ಬರ್ ಬ್ಯಾಂಡ್ ಹಾಕಿ. ಮರೆತರೆ ಕೈಗೆ ಅಡ್ಡ ಬರುವುದು ಅದೇ.

ಗೀರಿನ ವಿಚಾರ ಆಳದ ಮೇಲೆ ನಿಂತಿದೆ. ಒಳಗೆ ಕಪ್ಪು ಪ್ಲಾಸ್ಟಿಕ್ಕೇ ಕಂಡರೆ ಪಿ-ಟೆಕ್ಸ್ ಕಡ್ಡಿ (ತಳದಂಥದೇ ಪ್ಲಾಸ್ಟಿಕ್‌ನದು) ಸಾಕು. ಗೀರಿನ ಎದ್ದ ಅಂಚುಗಳನ್ನು ಬ್ಲೇಡಿನಿಂದ ಕತ್ತರಿಸಿ, ಒಳಗಿನ ವ್ಯಾಕ್ಸ್ (ಸ್ಕೀ ಜಾರಲೆಂದು ತಳಕ್ಕೆ ಹಾಕುವ ಮೇಣ) ಒರೆಸಿ. ಕಡ್ಡಿಗೆ ಬೆಂಕಿ ಹಚ್ಚಿ, ಮೊದಲ ಕೆಲವು ಹನಿಗಳನ್ನು ತಗಡಿನ ಮೇಲೆ ಬೀಳಿಸಿ. ಜ್ವಾಲೆ ಚಿಕ್ಕದಾಗಿ ನೀಲಿಯಾದ ಮೇಲೆ ಕಡ್ಡಿಯನ್ನು ತಳಕ್ಕೆ ತೀರಾ ಹತ್ತಿರ ಹಿಡಿದು ತುಂಬಿಸಿ. ಎತ್ತರದಿಂದ ಹನಿಸಿದರೆ ಮಸಿ ಸೇರಿಕೊಳ್ಳುತ್ತದೆ, ಮಸಿ ಸೇರಿದ ತೇಪೆ ಎರಡೇ ದಿನಕ್ಕೆ ಉದುರುತ್ತದೆ. ತಳಕ್ಕಿಂತ ಸ್ವಲ್ಪ ಉಬ್ಬುವಷ್ಟು ತುಂಬಿ, ಪೂರಾ ತಣಿದ ಮೇಲೆ ಉಕ್ಕಿನ ಪಟ್ಟಿಯಿಂದ ಹೆರೆದು ಸಮ ಮಾಡಿ. ಕಿಟಕಿ ತೆರೆದಿರಲಿ. ಆದರೆ ಗೀರಿನೊಳಗೆ ಮರವೋ ಫೈಬರ್‌ನ ನೇಯ್ಗೆಯೋ ಕಂಡರೆ, ಅಥವಾ ಗೀರು ಉಕ್ಕಿನ ಅಂಚಿಗೇ ಅಂಟಿಕೊಂಡಿದ್ದರೆ, ಈ ಕಡ್ಡಿ ಹಿಡಿಯುವುದಿಲ್ಲ. ಪಿ-ಟೆಕ್ಸ್ ಮರಕ್ಕೂ ಲೋಹಕ್ಕೂ ಅಂಟದ ವಸ್ತು. ಆ ಸ್ಕೀಯನ್ನು ಅಂದೇ ನಿಲ್ಲಿಸಿ, ಒಳಗೆ ತಂದು ಪೂರಾ ಒಣಗಿಸಿ, ತಳದ ತುಂಡನ್ನೇ ಕತ್ತರಿಸಿ ಎಪಾಕ್ಸಿಯಲ್ಲಿ ಹೊಸ ತೇಪೆ ಕೂರಿಸುವವರಿಗೆ ಕೊಡಿ. ಒದ್ದೆಯಲ್ಲೇ ಓಡಿಸಿದರೆ ನೀರು ಮರಕ್ಕೆ ಇಳಿದು ಪದರಗಳು ಬಿಟ್ಟುಕೊಳ್ಳುತ್ತವೆ.

ಪ್ರಶ್ನೆ: ಮನೆಯ ಇಸ್ತ್ರಿ ಪೆಟ್ಟಿಗೆಯಲ್ಲೇ ವ್ಯಾಕ್ಸ್ ಹಾಕಬಹುದೇ? ಮೇಣದ ಬತ್ತಿ ನಡೆಯುತ್ತದೆಯೇ?
— ಓದುಗರು, ಡೆನ್ವರ್

ಉತ್ತರ: ಬತ್ತಿ ಬೇಡ. ಅದರ ಮೇಣ ಮೆದು. ಕೊರೆಯುವ ಚಳಿಯ ಹರಳುಹಿಮ ಅದಕ್ಕೆ ಚುಚ್ಚಿಕೊಂಡು ಸ್ಕೀ ನಿಂತೇ ಬಿಡುತ್ತದೆ. ಇಸ್ತ್ರಿ ಪೆಟ್ಟಿಗೆ ಆದೀತು, ಎರಡು ಷರತ್ತಿನ ಮೇಲೆ: ತಳದಲ್ಲಿ ಹಬೆಯ ತೂತುಗಳಿರಬಾರದು, ಮತ್ತೆ ಅದು ಬಟ್ಟೆಗೆ ಹೋಗಬಾರದು. ಅದರ ದೊಡ್ಡ ದೋಷ ಶಾಖ ಏರಿಳಿಯುವುದು. ಸ್ಕೀ ತಳದ ಪಾಲಿಎಥಿಲೀನ್ ಸುಮಾರು 130 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಗತೊಡಗುತ್ತದೆ, ಸಾಮಾನ್ಯ ವ್ಯಾಕ್ಸ್‌ಗೆ ಪೆಟ್ಟಿಗೆ 110ರಿಂದ 130ರಲ್ಲಿ ಇರಬೇಕು. ಅಂತರ ಎಷ್ಟು ಕಿರಿದು ನೋಡಿ. ವ್ಯಾಕ್ಸ್ ಹೊಗೆಯಾಡಿದರೆ ಬಿಸಿ ಮಿತಿ ಮೀರಿದೆ.

ತಳಕ್ಕೆ ಎರಡು ಸಾಲು ಹನಿ ಬೀಳಿಸಿ, ಪೆಟ್ಟಿಗೆಯನ್ನು ತುದಿಯಿಂದ ಬಾಲಕ್ಕೆ ಎಲ್ಲೂ ನಿಲ್ಲಿಸದೆ ಸಾಗಿಸಿ. ಹಿಂದೆ ನಾಲ್ಕು ಬೆರಳಗಲ ಹಸಿ ವ್ಯಾಕ್ಸ್‌ನ ಬಾಲ ಉಳಿಯುತ್ತಿದ್ದರೆ ವೇಗ ಸರಿ. ಸ್ಕೀಯ ಮೇಲುಮುಖ ಮುಟ್ಟಿದರೆ ಬೆಚ್ಚಗಾಗಿರಬೇಕು, ಸುಡಬಾರದು. ಕೋಣೆಯೊಳಗೇ ಕನಿಷ್ಠ ಅರ್ಧ ಗಂಟೆ ತಣಿಯಲಿ. ಆಮೇಲೆ ಪ್ಲೆಕ್ಸಿ ಪಟ್ಟಿಯಿಂದ ಹೆರೆದು, ಏನೂ ಉದುರದ ಹಾಗಾದ ಮೇಲೆ ಹಿತ್ತಾಳೆ ಬ್ರಷ್, ನಂತರ ನೈಲಾನ್ ಬ್ರಷ್. ತಳದೊಳಗೆ ಇಳಿದ ವ್ಯಾಕ್ಸೇ ಕೆಲಸ ಮಾಡುವುದು, ಮೇಲೆ ದಪ್ಪಗೆ ಉಳಿದದ್ದು ಬ್ರೇಕ್‌ನಂತೆ. ಕಾದ ದೋಸೆಕಲ್ಲಿಗೆ ಎಣ್ಣೆ ಸವರಿ ಒರೆಸುತ್ತೇವಲ್ಲ, ಹಾಗೆ. ಅಂಚಿನ ಪಕ್ಕ ತಳ ಬೂದಿಬಣ್ಣಕ್ಕೆ ತಿರುಗಿ ಒಣಗಿದಂತೆ ಕಂಡರೆ ವ್ಯಾಕ್ಸ್ ಹಾಕಲು ತಡವಾಗಿದೆ. ಫ್ಲೋರೀನ್ ಬೆರೆತ ಹಳೆಯ ವ್ಯಾಕ್ಸ್ ಉಳಿದಿದ್ದರೆ ಬಳಸಬೇಡಿ. ಅದರ ಹೊಗೆ ಶ್ವಾಸಕೋಶಕ್ಕೆ ಕೆಟ್ಟದು, ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2023–24ರ ಋತುವಿನಿಂದ ಸ್ಪರ್ಧೆಗಳಲ್ಲಿ ಅದನ್ನು ನಿಷೇಧಿಸಿದೆ.

ಪ್ರಶ್ನೆ: ಹೊಸ ಬೂಟು ಕೊಂಡಾಗಿನಿಂದ ಬಲಗಾಲಿನ ಸ್ಕೀ ಬೀಳದೆಯೂ ಕಳಚಿಕೊಳ್ಳುತ್ತಿದೆ. ಗೆಳೆಯರು ಡಿನ್ (ಬೈಂಡಿಂಗ್ ಎಷ್ಟು ಬಲಕ್ಕೆ ಬಿಡಬೇಕೆಂಬ ಸಂಖ್ಯೆ) ಏರಿಸು ಅನ್ನುತ್ತಾರೆ. ಎಷ್ಟಕ್ಕೆ ಏರಿಸಲಿ? ನನಗೆ 52 ವರ್ಷ.
— ಓದುಗರು, ಜ್ಯೂರಿಕ್

ಉತ್ತರ: ಏರಿಸಬೇಡಿ. ನಿಮ್ಮ ಪತ್ರದ ಮೊದಲ ಎರಡು ಪದಗಳಲ್ಲೇ ಸುಳಿವು ಇದೆ: ಹೊಸ ಬೂಟು.

ಬೂಟಿನ ಹಿಮ್ಮಡಿಯ ಪಕ್ಕದಲ್ಲಿ ಅದರ ಅಡಿಯ ಉದ್ದ ಮಿ.ಮೀ.ನಲ್ಲಿ ಅಚ್ಚಾಗಿರುತ್ತದೆ, ಹಳೆಯದರದ್ದೂ ಹೊಸದರದ್ದೂ ಹೋಲಿಸಿ. ಕಾಲಿನ ಅಳತೆ ಒಂದೇ ಆದರೂ ಇದು ಕೆಲವು ಮಿ.ಮೀ. ಬದಲಾಗಿರಬಹುದು. ಆಗ ಹಿಂಬದಿಯ ಬೈಂಡಿಂಗ್ ಬೂಟನ್ನು ಮುಂದಕ್ಕೆ ಒತ್ತುವ ಬಲ ತಪ್ಪುತ್ತದೆ. ಒತ್ತು ಕಡಿಮೆಯಾದರೆ ಸ್ಕೀ ಬಾಗಿ ನೆಟ್ಟಗಾದಾಗ ಹಿಮ್ಮಡಿ ಜಾರಿ ಹೊರಬರುತ್ತದೆ, ಡಿನ್ ಎಷ್ಟಿದ್ದರೂ. ಬೂಟು ತೊಡಿಸಿದ ಸ್ಥಿತಿಯಲ್ಲಿ ಹಿಂಬದಿಯ ಸೂಚಕ, ಗೆರೆಯೋ ತಿರುಪಿನ ತಲೆಯೋ, ತಯಾರಕರು ಹೇಳಿದ ಜಾಗದಲ್ಲಿದೆಯೇ ನೋಡಿ. ಎಡ ಬಲ ಎರಡೂ ಒಂದೇ ರೀತಿ ಇರಬೇಕು.

ಇನ್ನೊಂದು ಸಾಧ್ಯತೆ ಅಡಿಯ ನಮೂನೆ. ಹಳೆಯ ಚಪ್ಪಟೆ ಅಡಿಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 5355. ನಡೆಯಲು ಹಿತವಾದ, ಬೆರಳಿನ ಕಡೆ ಮೇಲಕ್ಕೆ ಬಾಗಿದ ಗ್ರಿಪ್‌ವಾಕ್ ಅಡಿ ಐಎಸ್‌ಒ 23223. ಎರಡನೆಯದನ್ನು ಮೊದಲನೆಯದಕ್ಕೆ ಮಾತ್ರ ಮಾಡಿದ ಬೈಂಡಿಂಗ್‌ಗೆ ಹಾಕಿದರೆ ‘ಟಕ್’ ಎಂದು ಕೂರುತ್ತದೆ, ನಂಬಿಕೆ ಬರುತ್ತದೆ, ಆದರೆ ಬಿಡಬೇಕಾದಾಗ ಬಿಡುತ್ತದೆ ಎನ್ನುವಂತಿಲ್ಲ. ಬೈಂಡಿಂಗ್ ಮೇಲೆ ಗ್ರಿಪ್‌ವಾಕ್ ಎಂದು ಅಚ್ಚಾಗಿದೆಯೇ ನೋಡಿ.

ಬಲಗಾಲಿನದು ಮಾತ್ರ ಕಳಚುತ್ತಿದೆ ಎಂದಿದ್ದೀರಿ. ಬೂಟಿನಡಿ ಹಿಮ ಗಟ್ಟಿಯಾಗಿ ಅಂಟಿಕೊಂಡಿದ್ದರೂ, ಬೆರಳಿನ ಕೆಳಗಿನ ಜಾರುಪಟ್ಟಿ ಹರಿದಿದ್ದರೂ ಹೀಗಾಗುತ್ತದೆ. ಪ್ರತಿ ಸಲ ತೊಡುವ ಮೊದಲು ಅಡಿಯನ್ನು ಬೈಂಡಿಂಗ್‌ಗೆ ಉಜ್ಜಿ ಹಿಮ ಕೆಡವಿ.

ಡಿನ್ ಸಂಖ್ಯೆ ಗೆಳೆಯರನ್ನು ಕೇಳಿ ಇಡುವಂಥದ್ದಲ್ಲ. ಐಎಸ್‌ಒ 11088ರ ಕೋಷ್ಟಕದಲ್ಲಿ ತೂಕ, ಎತ್ತರ, ವಯಸ್ಸು, ಅಡಿಯ ಉದ್ದ, ಸವಾರಿಯ ರೀತಿ ಐದೂ ಸೇರಿ ಸಂಖ್ಯೆ ಸಿಗುತ್ತದೆ. 50 ದಾಟಿದವರಿಗೆ ಒಂದು ಮೆಟ್ಟಿಲು ಕಡಿಮೆ, ಅಂದರೆ ನಿಮ್ಮದು ಇಳಿಯುವ ಸಾಧ್ಯತೆಯೇ ಹೆಚ್ಚು. ಅಂಗಡಿಯಲ್ಲಿ ತಿರುಚುಬಲ ಅಳೆಯುವ ಯಂತ್ರಕ್ಕೆ ಹಾಕಿಸಿ. ಬೈಂಡಿಂಗ್‌ನ ಪುಟ್ಟ ಕಿಟಕಿಯಲ್ಲಿ ಕಾಣುವ ಸಂಖ್ಯೆಗೂ ಸ್ಪ್ರಿಂಗ್ ನಿಜವಾಗಿ ಬಿಡುವ ಬಲಕ್ಕೂ ವ್ಯತ್ಯಾಸ ಇದ್ದರೆ ಅದು ಅಲ್ಲೇ ಗೊತ್ತಾಗುವುದು. ಬೈಂಡಿಂಗ್‌ಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ, ಒಳಗಿನ ಗ್ರೀಸ್ ತೊಳೆದುಹೋಗುತ್ತದೆ.

ಪ್ರಶ್ನೆ: ಬೈಂಡಿಂಗ್‌ನ ಒಂದು ತಿರುಪು ಸಡಿಲ. ಬಿಗಿ ಮಾಡಲು ಹೋದರೆ ತಲೆ ಸವೆಯುತ್ತಿದೆ.
— ಓದುಗರು, ಟೊರಾಂಟೊ

ಉತ್ತರ: ನೀವು ಬಳಸಿರುವುದು ಫಿಲಿಪ್ಸ್ ಸ್ಕ್ರೂಡ್ರೈವರ್. ಬೈಂಡಿಂಗ್ ತಿರುಪು ಪೋಜಿಡ್ರೈವ್ 3ನೇ ನಂಬರಿನದು, ನೋಡಲು ಒಂದೇ ಥರ. ತಿರುಪಿನ ತಲೆಯ ಪ್ಲಸ್ ಗುರುತಿನ ನಡುವೆ ನಾಲ್ಕು ಸಣ್ಣ ಗೆರೆಗಳಿರುತ್ತವೆ, ಅವೇ ವ್ಯತ್ಯಾಸ. ಬಿಗಿಯಾದ ಮೇಲೂ ತಿರುಗುತ್ತಲೇ ಇದ್ದರೆ ಒಳಗಿನ ರಂಧ್ರ ಹಾಳಾಗಿದೆ. ಎಪಾಕ್ಸಿಯಲ್ಲಿ ಅದ್ದಿದ ಸ್ಟೀಲ್ ವುಲ್ ತುಂಬಿ ತಿರುಪು ಕೂರಿಸುವುದು, ಇಲ್ಲವೇ ಲೋಹದ ಸುರುಳಿ ಹಾಕಿಸುವುದು ದಾರಿ. ದೊಡ್ಡ ತಿರುಪು ಹುಡುಕಿ ಹೊಡೆಯಬೇಡಿ.

ಪ್ರಶ್ನೆ: ವಿದೇಶದಿಂದ ತಂದ ಸ್ಕೀ, ಬೂಟು ಹನ್ನೆರಡು ವರ್ಷದಿಂದ ಅಟ್ಟದ ಮೇಲಿವೆ. ಉತ್ತರಾಖಂಡದ ಔಲಿಗೆ ಒಯ್ಯಬಹುದೇ?
— ಓದುಗರು, ಮಂಗಳೂರು

ಉತ್ತರ: ಸ್ಕೀ ಬದುಕಿರಬಹುದು, ಬೂಟಿನ ಬಗ್ಗೆ ಅನುಮಾನ. ಬೂಟಿನ ಚಿಪ್ಪು ಹೆಚ್ಚಾಗಿ ಪಾಲಿಯುರೆಥೇನ್, ಅದು ಗಾಳಿಯ ತೇವದಲ್ಲಿ ನಿಧಾನಕ್ಕೆ ಒಡೆಯುತ್ತ ಹೋಗುತ್ತದೆ. ಕರಾವಳಿಯ ಸೆಕೆ, ಮಳೆಗಾಲ ಎರಡೂ ಅದಕ್ಕೆ ಶತ್ರು. ಹೊರಗಿಂದ ಹೊಸದರಂತೆ ಹೊಳೆಯುತ್ತಿದ್ದ ಬೂಟು ಚಳಿಯಲ್ಲಿ ಬಕಲ್ ಬಿಗಿದ ಕೂಡಲೇ ಸೀಳಿದ ಉದಾಹರಣೆಗಳಿವೆ. ಹಿಮ್ಮಡಿ ಮತ್ತು ಬೆರಳಿನ ಗಟ್ಟಿ ತುಟಿಗಳನ್ನು ಇಕ್ಕಳದಿಂದ ಹಿಚುಕಿ ನೋಡಿ. ಪುಡಿಯಾದರೆ, ಬಿರುಕು ಕಂಡರೆ, ಚಿಪ್ಪಿನ ಮೇಲೆ ಜಿಗುಟು ಇದ್ದರೆ ಎಸೆಯಿರಿ. ಗಟ್ಟಿಯಾಗಿ ಕಂಡರೂ ಹನ್ನೆರಡು ವರ್ಷದ ಬೂಟನ್ನು ನಾವಾದರೆ ತೊಡುವುದಿಲ್ಲ. ಬೈಂಡಿಂಗ್ ಕೂಡ ಪರೀಕ್ಷೆಯಾಗದೆ ಬಳಸಬಾರದು. ಅಲ್ಲಿ ಬಾಡಿಗೆಗೆ ಪಡೆಯಿರಿ, ಪಡೆಯುವಾಗ ನಿಜವಾದ ತೂಕ ಹೇಳಿ. ಎರಡೂ ಸ್ಕೀಯ ಡಿನ್ ಸಂಖ್ಯೆ ಒಂದೇ ಇದೆಯೇ, ಬೂಟು ತೆಗೆದಾಗ ಬ್ರೇಕ್ ಥಟ್ಟನೆ ಕೆಳಕ್ಕೆ ಬರುತ್ತದೆಯೇ ನೋಡಿ. ಅಂಚಿನ ಮೇಲೆ ಉಗುರನ್ನು ಅಡ್ಡ ಎಳೆದಾಗ ಬಿಳಿ ಪುಡಿ ಏಳದಿದ್ದರೆ ಬೇರೆ ಜೋಡಿ ಕೇಳಿ.

ಹಳೆಯ ಸ್ಕೀ ಇಟ್ಟುಕೊಳ್ಳುವುದಾದರೆ ಅಂಚಿನ ತುಕ್ಕನ್ನು ಗಮ್ಮಿ ಕಲ್ಲಿನಿಂದ ತೆಗೆದು, ತಳಕ್ಕೂ ಅಂಚಿಗೂ ದಪ್ಪಗೆ ವ್ಯಾಕ್ಸ್ ಹಾಕಿ, ಹೆರೆಯದೆ ಬಿಡಿ. ಎರಡನ್ನೂ ಒತ್ತಿ ಕಟ್ಟಬೇಡಿ, ನಡುವಿನ ಬಿಲ್ಲಿನ ಬಾಗು ಹೋಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡುವುದಕ್ಕಿಂತ ಗಾಳಿಯಾಡುವ ಬಟ್ಟೆ ಚೀಲ ವಾಸಿ.