ಕಪ್ಪು ಬಿಯರಿನಲ್ಲಿ ಬೇಯುವ ಮಾಂಸ: ಲ್ಯೂವೆನ್‌ಗೆ ಹೊರಟವರಿಗೆ

ಪ್ರಿಯ ಸಹೋದರಿ,

ಮೂಡಿಗೆರೆಯಿಂದ ಬೆಲ್ಜಿಯಂನ ಲ್ಯೂವೆನ್‌ಗೆ ಓದಲು ಹೊರಟಿರುವ ನೀವು, ಇಲ್ಲಿನ ಚಳಿಗಾಲದಲ್ಲಿ ಏನು ಬೇಯಿಸಿಕೊಂಡು ತಿನ್ನುವುದು, ಕುಕ್ಕರ್ ತರಬೇಕೇ, ದನದ ಮಾಂಸವನ್ನು ಕಪ್ಪು ಬಿಯರಿನಲ್ಲಿ ಬೇಯಿಸುತ್ತಾರಂತೆ, ಅದು ನಮ್ಮ ನಾಲಿಗೆಗೆ ಹಿಡಿಸೀತೇ ಎಂದು ಕೇಳಿದ್ದೀರಿ. ನಿಮ್ಮ ಮನೆಯಲ್ಲಿ ಆ ಮಾಂಸ ತಿನ್ನುವ ರೂಢಿಯಿದೆಯೆಂದೂ ಬರೆದಿರುವುದರಿಂದ ಸಂಕೋಚವಿಲ್ಲದೆ ಉತ್ತರಿಸುತ್ತೇನೆ. ಸಕಲೇಶಪುರ ಬಿಟ್ಟು ಬಂದು ಇಲ್ಲೇ ನೆಲೆಸಿದ ನನ್ನನ್ನು ಕೇಳಿದರೆ, ಹೊಸದಾಗಿ ಬಂದವರು ಮೊದಲು ಕಲಿಯಬೇಕಾದ ಅಡುಗೆ ಅದೇ. ಅಗ್ಗದ ಮಾಂಸ, ಒಂದೇ ಪಾತ್ರೆ, ಮಾಡಿಟ್ಟರೆ ಎರಡು ಮೂರು ದಿನದ ಊಟ; ಡಿಸೆಂಬರಿನಲ್ಲಿ ಸಂಜೆ ಐದರೊಳಗೆ ಕತ್ತಲಾಗುವ ಊರಿನಲ್ಲಿ ಇದಕ್ಕಿಂತ ಹಿತವಾದದ್ದನ್ನು ನಾನು ಕಂಡಿಲ್ಲ.

ಇಲ್ಲಿನ ಡಚ್ ಮಾತಿನಲ್ಲಿ ಇದು ಸ್ಟೋಫ್‌ವ್ಲೇಸ್, ಫ್ರೆಂಚ್ ಮಾತನಾಡುವವರಿಗೆ ಕಾರ್ಬೊನಾಡ್. ಮಾಂಸದಂಗಡಿಯಲ್ಲಿ ಭುಜದ ಭಾಗವನ್ನೋ ಕೆನ್ನೆಯ ಮಾಂಸವನ್ನೋ ಕೇಳಿ ಪಡೆಯಿರಿ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ತಂದಿಟ್ಟುಕೊಳ್ಳುವುದು ಒಳ್ಳೆಯದು. ನಾರು ಹೆಚ್ಚಿರುವ ಈ ಭಾಗಗಳಲ್ಲಿನ ಕೊಲಾಜೆನ್ ಎಂಬ ಗಟ್ಟಿ ಪ್ರೋಟೀನ್ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೆಂದಾಗ ಜೆಲಾಟಿನ್ ಆಗಿ ಕರಗಿ, ರಸಕ್ಕೆ ತುಟಿಗೆ ಅಂಟುವಂಥ ಗಟ್ಟಿತನವನ್ನು ಕೊಡುತ್ತದೆ. ಬೆಲೆ ಹೆಚ್ಚಿನ ಮೆತ್ತನೆಯ ಮಾಂಸವನ್ನು ಹಾಕಿದರೆ ಅದು ಒಣಗಿ ಪುಡಿಯಾಗುತ್ತದೆಯಷ್ಟೆ.

ಒಂದು ಕಿಲೋ ಮಾಂಸವನ್ನು ದೊಡ್ಡ ತುಂಡುಗಳಾಗಿ ಕತ್ತರಿಸಿ, ನೀರಿನ ಪಸೆ ಒರೆಸಿ, ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆ ಕಾಯಿಸಿ, ಸ್ವಲ್ಪ ಸ್ವಲ್ಪವಾಗಿ ಹಾಕಿ ಎಲ್ಲ ಬದಿಯೂ ಕಂದುಬಣ್ಣಕ್ಕೆ ತಿರುಗುವಂತೆ ಹುರಿಯಬೇಕು. ಎಲ್ಲವನ್ನೂ ಒಮ್ಮೆಲೇ ಸುರಿದರೆ ಮಾಂಸ ನೀರುಬಿಟ್ಟು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಮಾಂಸ ತೆಗೆದಿಟ್ಟು, ಅದೇ ಪಾತ್ರೆಯಲ್ಲಿ ಅರ್ಧ ಕಿಲೋ ಈರುಳ್ಳಿಯನ್ನು ಆತುರಪಡದೆ ಬಾಡಿಸಿ, ಬಳಿಕ 33 ಸೆಂಟಿಲೀಟರಿನ ಎರಡು ಬಾಟಲಿ ಕಪ್ಪು ಬಿಯರ್ ಸುರಿಯಿರಿ. ನೊರೆ ಉಕ್ಕಿ ಇಳಿಯುವಾಗ ಮರದ ಸೌಟಿನಿಂದ ತಳಕ್ಕೆ ಅಂಟಿದ ಕಂದು ಪದರವನ್ನು ಕೆರೆದು ಬಿಡಿಸಿ. ರುಚಿಯ ಮುಕ್ಕಾಲು ಪಾಲು ಅಲ್ಲಿಯೇ ಇದೆ.

ಬಿಯರಿನ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ರಸ ಬತ್ತಿದಂತೆ, ಬಿಯರಿಗೆ ಹಾಕುವ ಹಾಪ್ಸ್ ಎಂಬ ಹೂವಿನ ಕಹಿ ಸಾಂದ್ರವಾಗುತ್ತದೆ. ಆದ್ದರಿಂದ ಕಹಿ ಕಡಿಮೆಯಿರುವ, ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಸಿಹಿಯಿರುವ ಡಬ್ಬಲ್ ಎಂಬ ಜಾತಿಯ ಬಿಯರ್ ಸೂಕ್ತ. ಸನ್ಯಾಸಿಗಳ ಮಠದಲ್ಲಿ ತಯಾರಾಗುವ ವೆಸ್ಟ್‌ಮಾಲೆ ಡಬ್ಬಲ್ ಶೇ. 7ರಷ್ಟು ಆಲ್ಕೋಹಾಲಿನದು, ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಬೇಯುವಾಗ ಆಲ್ಕೋಹಾಲೆಲ್ಲ ಹಾರಿಹೋಗುತ್ತದೆಂಬ ಮಾತು ಪೂರ್ತಿ ನಿಜವಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಂತೆ ಎರಡೂವರೆ ಗಂಟೆ ಕುದಿಸಿದ ಮೇಲೂ ಸುಮಾರು ಶೇ. 5 ಭಾಗ ಉಳಿಯುತ್ತದೆ. ಮದ್ಯ ಮುಟ್ಟದವರಿಗೆ ಬಡಿಸುವ ಮುನ್ನ ಇದನ್ನು ಹೇಳಲೇಬೇಕು.

ಮಾಂಸವನ್ನು ಮರಳಿ ಹಾಕಿ, ಉಪ್ಪು, ಥೈಮ್ ಎಂಬ ಪರಿಮಳದ ಸೊಪ್ಪು, ಎರಡು ಬೇ ಎಲೆ ಸೇರಿಸಿ. ಊರಿನಿಂದ ತಂದ ಪಲಾವ್ ಎಲೆ ಬೇಡ. ಅದು ದಾಲ್ಚಿನ್ನಿಯ ಹತ್ತಿರದ ಸಂಬಂಧಿಯಾದ ಬೇರೆ ಮರದ್ದು, ಪರಿಮಳವೇ ಬೇರೆ. ಎರಡು ಹೋಳು ಬ್ರೆಡ್ಡಿಗೆ ಅರೆದ ಸಾಸಿವೆಯನ್ನು ದಪ್ಪಗೆ ಸವರಿ, ಸವರಿದ ಬದಿ ಕೆಳಗಾಗುವಂತೆ ಮಾಂಸದ ಮೇಲೆ ಮಲಗಿಸಿ, ಮುಚ್ಚಳ ಹಾಕಿ, ಅತಿ ಸಣ್ಣ ಉರಿಯಲ್ಲಿ ಎರಡೂವರೆಯಿಂದ ಮೂರು ಗಂಟೆ ಬಿಡಿ. ಬ್ರೆಡ್ ಕರಗಿ ರಸವನ್ನು ಮಂದವಾಗಿಸುತ್ತದೆ. ಕೊನೆಯಲ್ಲಿ ಕಹಿ ಅನ್ನಿಸಿದರೆ ಇವರು ಕಂದು ಸಕ್ಕರೆ ಹಾಕುತ್ತಾರೆ, ನಾನು ಬೆಲ್ಲ ಹಾಕುತ್ತೇನೆ. ಗರಂ ಮಸಾಲೆಯನ್ನು ದಯವಿಟ್ಟು ಹಾಕಬೇಡಿ. ಲವಂಗ, ಚಕ್ಕೆಗಳ ಅಬ್ಬರದಲ್ಲಿ ಬಿಯರಿನ ರುಚಿ ಕಳೆದುಹೋಗುತ್ತದೆ. ಖಾರ ಬೇಕೇ ಬೇಕೆನಿಸಿದರೆ ಒಂದಿಷ್ಟು ಕಾಳುಮೆಣಸು ಸಾಕು.

ಇಲ್ಲಿಯವರು ಇದನ್ನು ಕರಿದ ಆಲೂಗಡ್ಡೆಯೊಂದಿಗೆ ತಿನ್ನುತ್ತಾರೆ. ನನಗೆ ನಮ್ಮ ಅಕ್ಕಿ ತರಿಯ ಕಡುಬೇ ಇದಕ್ಕೆ ಸರಿಜೋಡಿ, ಮಾರನೆಯ ದಿನವಂತೂ ಇನ್ನೂ ರುಚಿ. ನಿಮ್ಮೊಂದಿಗೆ ಬರುವ ಸಸ್ಯಾಹಾರಿ ಗೆಳತಿಗೆ ಮಾತ್ರ ಒಂದು ವಿಷಯ ತಿಳಿಸಿ: ಆ ಆಲೂಗಡ್ಡೆಯನ್ನು ಸಂಪ್ರದಾಯದಂತೆ ದನದ ಕೊಬ್ಬಿನಲ್ಲಿ ಕರಿಯುವ ಅಂಗಡಿಗಳು ಇಲ್ಲಿವೆ, ಆದ್ದರಿಂದ ಕೇಳಿಯೇ ಕೊಳ್ಳಬೇಕು.

ಕುಕ್ಕರನ್ನು ಬೇಳೆಗಾಗಿ ಖಂಡಿತ ತನ್ನಿ. ಇದನ್ನು ಅದರಲ್ಲಿ ಬೇಯಿಸಿದರೆ ಮಾಂಸ ಬೇಗ ಮೆತ್ತಗಾಗುತ್ತದೆ, ಆದರೆ ಆವಿ ಹೋಗದ ಕಾರಣ ರಸ ಬತ್ತದೆ ನೀರಾಗಿಯೇ ಉಳಿಯುತ್ತದೆ. ವಿದ್ಯಾರ್ಥಿಗಳ ಮನೆಗಳಲ್ಲಿ ಇಂಡಕ್ಷನ್ ಒಲೆಯೂ ಇರಬಹುದಾದ್ದರಿಂದ, ತರುವ ಕುಕ್ಕರ್ ಅದಕ್ಕೆ ಒಗ್ಗುವ ತಳದ್ದೇ ಆಗಿರಲಿ.